ಇಳಿಜಾರಿನ ಅಂಗಳಕ್ಕೆ ಯಾವ ಹುಲ್ಲು

ಶಿರಸಿ, ಯಲ್ಲಾಪುರ ರಸ್ತೆ
ರವಿವಾರ, ೬ ಏಪ್ರಿಲ್ ೨೦೨೫

ತಂಗಿ ದಾಕ್ಷಾಯಿಣಿಗೆ ಅಕ್ಕ ಗುರುಶಾಂತವ್ವ ಬರೆಯುವುದು. ನಾವೆಲ್ಲ ಇಲ್ಲಿ ಉಂಡುಟ್ಟು ನೆಟ್ಟಗಿದ್ದೇವೆ. ನೀವೂ ಹಾಗೇ ಇದ್ದೀರೆಂದು ಕಾವ್ಯಶ್ರೀಯಿಂದ ತಿಳಿಯಿತು. ನಿನ್ನ ಯಜಮಾನರು ಶಂಕ್ರಪ್ಪನವರಿಗೆ ನನ್ನ ಶರಣು ಹೇಳು, ಅವರ ಮಂಡಿನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬಾರದೆಂದೂ ಹೇಳು.

ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನೀನು "ಹೂಂ, ಆರಾಮ" ಎಂದು ಇಟ್ಟುಬಿಡುತ್ತಿ. ಈ ಒಂದೂಮುಕ್ಕಾಲು ವರ್ಷದಲ್ಲಿ ಮೂರು ಸಲ ಹಾಗೆ ಇಟ್ಟಿದ್ದಿ. ಕಾಗದವನ್ನಾದರೆ ಇಟ್ಟ ಮೇಲೂ ಮತ್ತೆ ತೆಗೆಯಬಹುದು. ಅಂಗಡಿಯವರು ಪುಡಿಕೆ ಕಟ್ಟಿದ ಕಾಗದ ಓದಿ ಕಲಿತವಳ ಅಕ್ಷರ, ಸಾವಕಾಶ ಓದು.

ಗುರುವಾರ ಕಾವ್ಯಶ್ರೀ ಮಂಚಿಕೇರಿಯಿಂದ ಮಾತಾಡಿದಳು. ನಿನ್ನ ಮಗಳು ಮನೆ ಕಟ್ಟಿ ಮುಗಿಸಿದ್ದಾಳೆ, ಬಸವ ಜಯಂತಿಗೆ ಗೃಹಪ್ರವೇಶ, ಇದೆಲ್ಲ ನನಗಿಂತ ಮೊದಲು ನಿನಗೆ ಗೊತ್ತು. ಮನೆಯ ಮುಂದೆ ರಸ್ತೆಯವರೆಗೆ ಇಳಿಜಾರಂತೆ. ಜೆಸಿಬಿ ಕೆರೆದುಹೋದ ಕೆಂಪು ಮಣ್ಣು, ಒಂದು ಎಳೆ ಹಸಿರಿಲ್ಲ. "ದೊಡ್ಡವ್ವಾ, ಅಲ್ಲಿ ಏನ್ ಹಚ್ಚಲಿ? ಮಳಿಗಾಲದಾಗ ಎಲ್ಲಾ ಹರಕೊಂಡು ರಸ್ತೆಕ್ಕ ಬಂದ್ರ ಶಾಲಿ ಹುಡುಗ್ರು ನನಗ ಕೆಸರು ಟೀಚರ್ ಅಂತ ಹೆಸರಿಡ್ತಾವು" ಎಂದು ನಕ್ಕಳು. ನಾನೂ ನಕ್ಕೆ. ಅಂಗಳದ ಕೆಲಸದಲ್ಲಿ ನಮ್ಮ ಬಳಗದಲ್ಲೇ ನಿಮ್ಮವ್ವನ ಕೈ ಮುಂದೆ ಇನ್ನೊಂದು ಕೈ ಇಲ್ಲ, ಅವಳನ್ನು ಬಿಟ್ಟು ನನ್ನನ್ನು ಕೇಳುತ್ತೀಯಲ್ಲ ಎಂದೆ. ಆಗ ಹುಡುಗಿ ನಗು ನಿಲ್ಲಿಸಿದಳು. "ಅವ್ವ ಒಲ್ಲೆ ಅಂತಾಳ. ನನ್ನ ಕೈ ಮುಟ್ಟಿದ ಕಡೆ ಮಣ್ಣು ನಿಲ್ಲಂಗಿಲ್ಲ, ನಿಮ್ಮ ದೊಡ್ಡವ್ವನ್ನ ಕೇಳು ಅಂತಾಳ. ತನ್ನ ಅಂಗಳಾನೂ ಈಗ ತಾನು ಹೆರೆಯಂಗಿಲ್ಲ, ಆಳು ಹಚ್ಚತಾಳ" ಎಂದಳು.

ಅದನ್ನು ಕೇಳಿ ಇಂದಿಗೆ ಮೂರು ದಿನ. ಕಾವ್ಯಶ್ರೀಗೆ ಹೇಳಬೇಕಾದದ್ದನ್ನು ನಿನಗೇ ಬರೆಯುತ್ತಿದ್ದೇನೆ. ನೀನು ಓದಿ ಅವಳಿಗೆ ಹೇಳು.

ನಮ್ಮ ಇಳಿಜಾರು ನೀನು ಕಂಡದ್ದೇ. ಪೇಟೆಯ ಬಾಡಿಗೆ ಮನೆ ಬಿಟ್ಟು ಇಲ್ಲಿಗೆ ಬಂದು ಏಳು ವರ್ಷವಾಯಿತು. ಮೇಲೆ ನಮ್ಮ ಮನೆ, ಕೆಳಗೆ ತಿಮ್ಮಿಯ ಹಿತ್ತಲು, ನಡುವೆ ಹತ್ತು ಮಾರು ಉದ್ದದ ಅಂಗಳ, ಅದನ್ನು ಅಂಗಳವೆನ್ನುವುದಾದರೆ. ಮೇಲಿನಿಂದ ನಿಂಬೆಹಣ್ಣು ಬಿಟ್ಟರೆ ತಿಮ್ಮಿಯ ಬಚ್ಚಲಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಒಮ್ಮೆ ನಿಜವಾಗಿಯೂ ಹಾಗೆ ಹೋಗಿತ್ತು, ಅವಳು ಅದನ್ನು ಉಪ್ಪಿನಕಾಯಿ ಮಾಡಿ ಅರ್ಧ ನಮಗೆ ತಂದುಕೊಟ್ಟಳು. ತಿಮ್ಮಿ ಸಿದ್ದಾಪುರದ ಮನ್ಮನೆಯ ಕಡೆಯವಳು, ಗುಡ್ಡದ ಮಗ್ಗುಲಲ್ಲೇ ಹುಟ್ಟಿ ಬೆಳೆದವಳು. ನೀನು, ನಾನು ವರದೆಯ ದಂಡೆಯ ಸಪಾಟು ನೆಲದವರು.

ನಮ್ಮವ್ವ ಹೇಳುತ್ತಿದ್ದುದು ನೆನಪಿದೆಯಲ್ಲ, ಅಂಗಳವೆಂದರೆ ತಿಕ್ಕಿದ ಗಂಗಾಳದಂತೆ ಇರಬೇಕು ಎಂದು. ದೀಪಾವಳಿಗೆ ಮೊದಲು ಹುಲ್ಲು ಹೆರೆದು, ನೆಲ ಬಡಿದು, ಸಗಣಿ ಸಾರಿಸಿದರೆ, ಚೆಲ್ಲಿದ ಭತ್ತವನ್ನು ಕಾಳು ಕಾಳಾಗಿ ಆರಿಸಿಕೊಳ್ಳಬಹುದಿತ್ತು. ಅಂಗಳದಲ್ಲಿ ಹುಲ್ಲು ನಿಂತ ಮನೆಯಿಂದ ಹೆಣ್ಣು ತರಬಾರದು ಎಂಬ ಮಾತೂ ಇತ್ತು. ಸಪಾಟಿನಲ್ಲಿ ಅದೆಲ್ಲ ಸರಿ. ಅಲ್ಲಿ ನೀರು ನಿಂತು, ಯೋಚನೆ ಮಾಡಿ, ಆಮೇಲೆ ಹೋಗುತ್ತದೆ. ಇಳಿಜಾರಿನಲ್ಲಿ ನೀರಿಗೆ ಯೋಚನೆ ಮಾಡಲು ಪುರುಸೊತ್ತಿಲ್ಲ.

ಎರಡೂವರೆ ವರ್ಷದ ಹಿಂದೆ ದೀಪಾವಳಿಗೆ ನೀನು ಬಂದಾಗ ನಮ್ಮ ಇಳಿಜಾರಿನ ತುಂಬ ಗರಿಕೆ ಇತ್ತು. ಯಾರೂ ಹಚ್ಚಿದ್ದಲ್ಲ, ಮೊದಲಿನಿಂದ ಇದ್ದದ್ದು. ನೀನು ಬಂದ ಮರುದಿನವೇ ಸೀರೆ ಎತ್ತಿ ಕಟ್ಟಿ, ಹುಲ್ಲು ಹೆರೆಯುವ ಕುರ್ಚಿಗಿ ಹಿಡಿದು ಕುಳಿತೆ. "ಅಕ್ಕಾ, ಇದೇನ್ ಅಂಗಳನೋ ದನಾ ಮೇಯೋ ಹುಲ್ಲುಗಾವಲನೋ? ಊರಾಗಿನ ಮಂದಿ ನೋಡಿದ್ರ ನಮ್ಮವ್ವಗ ಹೆಸರಿಡ್ತಾರ" ಎಂದೆ. ಎರಡು ದಿನದಲ್ಲಿ ಮೇಲಿನಿಂದ ಕೆಳಗಿನವರೆಗೆ ಹೆರೆದು, ಹುಲ್ಲನ್ನು ಬುಟ್ಟಿಯಲ್ಲಿ ಹೊತ್ತು, ಕೆಳಗೆ ತಿಮ್ಮಿಯ ಬೇಲಿಯ ಮೂಲೆಗೆ ರಾಶಿ ಹಾಕಿದೆ. ನಾನು ಬೇಡವೆನ್ನಲಿಲ್ಲ. ನಿನಗೆ ಚಹಾ ಮಾಡಿಕೊಟ್ಟೆ, ಶಿಲ್ಪಾಳನ್ನು ಕರೆದು, ಸೊಸೆಯಾದವಳು ಇದನ್ನು ನೋಡಿ ಕಲಿಯಬೇಕು ಎಂದೂ ಹೇಳಿದೆ. ಇದನ್ನು ಇಲ್ಲಿಯೇ ಬರೆದಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಮರುವರ್ಷ ಪುಷ್ಯ ಮಳೆಗೆ ಇಳಿಜಾರು ಇಳಿಯಿತು. ಮಧ್ಯಾಹ್ನ ಊಟದ ಹೊತ್ತು. ದೊಡ್ಡ ಸದ್ದೇನೂ ಆಗಲಿಲ್ಲ, ಒದ್ದೆ ಕಂಬಳಿ ಗಳುವಿನಿಂದ ಜಾರಿ ಬಿದ್ದಂತೆ ಆಯಿತು. ತಿಮ್ಮಿಯ ಬಚ್ಚಲಮನೆಯೊಳಗೆ ಮೊಣಕಾಲುದ್ದ ಕೆಸರು. ಕೋಳಿಗೂಡು ಮುಚ್ಚಿಹೋಯಿತು, ನಾಲ್ಕು ಕೋಳಿ ಸತ್ತವು, ಒಂದು ಕಾವು ಕೂತದ್ದು. ಮನುಷ್ಯರಿಗೆ ಏನೂ ಆಗಲಿಲ್ಲ. ಐದು ಹೇಟೆ ಕೋಳಿ ಕೊಂಡು ತಿಮ್ಮಿಗೆ ಕೊಟ್ಟೆವು. ಅವಳು ತೆಗೆದುಕೊಂಡಳು, ಆದರೆ ಆ ಕಾವಿನ ಕೋಳಿಯ ಮಾತನ್ನು ಬಹಳ ದಿನ ಆಡುತ್ತಿದ್ದಳು.

ಪಂಚಮಿಗೆ ನೀನು ಉಂಡಿಯ ಡಬ್ಬಿ ಹಿಡಿದುಕೊಂಡು ಬಂದಾಗ ತಿಮ್ಮಿ ಇನ್ನೂ ಕೆಸರು ಹೊರುತ್ತಿದ್ದಳು. ಅಂದು ನಾನು ಅಂಗಳದ ಅಂಚಿಗೆ ನಿಂತಿದ್ದೆ. ಅವಳು ಬುಟ್ಟಿ ಇಳಿಸಿ ಕೇಳಿದಳು: "ಇಲ್ಲಿದ್ದ ಹುಲ್ಲೆಲ್ಲ ಎಂತ ಆಯ್ತು ಅಮ್ಮಾ? ಅದು ಇದ್ದಿದ್ರೆ ಮಣ್ಣು ಹಿಂಗೆ ಬರ್ತಿರ್ಲಿಲ್ಲ." ನಾನು ಹೇಳಿದೆ: "ನಮ್ಮ ತಂಗಿ ಹೆರದು ಹಾಕ್ಯಾಳವ್ವಾ. ಬಯಲು ನೆಲದ ಮಂದಿ, ಇಳಿಜಾರಿನ ಸುದ್ದಿ ಅಕಿಗೇನ್ ಗೊತ್ತು." ತಿರುಗಿ ನೋಡಿದರೆ ನೀನು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಿದ್ದೆ.

ನೀನು ಡಬ್ಬಿಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ಅನ್ನ-ಸಾರು ಉಂಡು, ನಾಲ್ಕು ಗಂಟೆಯ ಬನವಾಸಿ ಬಸ್ಸಿಗೆ ಹೋದೆ. ಮೂರು ದಿನ ಇರುತ್ತೇನೆಂದು ಬಂದವಳು. ಉಂಡಿ ನಾವು ತಿಂದೆವು. ಎಳ್ಳುಂಡಿಗೆ ಬೆಲ್ಲದ ಪಾಕ ತುಸು ಹೆಚ್ಚಾಗಿತ್ತು, ಶೇಂಗಾ ಉಂಡಿ ಹದವಾಗಿತ್ತು. ಡಬ್ಬಿ ಇನ್ನೂ ಇಲ್ಲೇ ಇದೆ. ತುಂಬಿ ಬಂದ ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ಅವ್ವ ಕಲಿಸಿದ್ದಳು. ಏನು ತುಂಬುವುದೆಂದು ತಿಳಿಯದೆ ಬೋರಲು ಹಾಕಿ ಇಟ್ಟಿದ್ದೇನೆ.

ಈಗ ಹುಲ್ಲಿನ ಮಾತಿಗೆ ಬರುತ್ತೇನೆ.

ನರ್ಸರಿಯವರು ಕಾವ್ಯಶ್ರೀಗೆ ಹಾಸು ಹುಲ್ಲು ತೋರಿಸುತ್ತಾರೆ. ಚೌಕ ಚೌಕವಾಗಿ ಕತ್ತರಿಸಿ, ಚಾಪೆಯಂತೆ ಸುತ್ತಿ ಟೆಂಪೋದಲ್ಲಿ ತರುತ್ತಾರೆ. ಸಂಜೆಯೊಳಗೆ ಅಂಗಳ ಹಸಿರಾಗುತ್ತದೆ, ಓಣಿಯವರೆಲ್ಲ ನಿಂತು ನೋಡುತ್ತಾರೆ. ನಾವು ಮಣ್ಣು ಇಳಿದ ವರ್ಷವೇ, ಅದಕ್ಕೆ ಮೊದಲು ಜೂನ್ ತಿಂಗಳಲ್ಲಿ ಹಾಸಿಸಿದ್ದೆವು. ಆರಿದ್ರಾ ಮಳೆಗೆ ಒಂದೊಂದೇ ಚೌಕ ಎದ್ದು, ಮದುವೆ ಮುಗಿದ ಮೇಲೆ ಜಮಖಾನೆ ಎಳೆದಂತೆ ಕೆಳಗೆ ಹೋಯಿತು. ಅದರ ಬೇರು ಬೆರಳುದ್ದವೂ ಇರುವುದಿಲ್ಲ. ಸಪಾಟು ನೆಲಕ್ಕೆ, ದಿನಾ ನೀರು ಕೊಡುವವರಿಗೆ ಅದು ಇರಲಿ. ಇಳಿಜಾರಿಗೆ ಬೇಡ.

ಹಳದಿ ಹೂವಿನ ಬಳ್ಳಿಯೊಂದು ಇದೆ, ರಸ್ತೆಯ ಬದಿಗೆಲ್ಲ ನೋಡಿರುತ್ತಿ. ಹಚ್ಚಿದರೆ ತಿಂಗಳೊಳಗೆ ನೆಲ ಕಾಣುವುದಿಲ್ಲ. ಮಣ್ಣು ಇಳಿದ ವರ್ಷ ಗಾಬರಿಯಲ್ಲಿ ಅದನ್ನೇ ಹಚ್ಚಿದೆ. ಅದು ನಿಲ್ಲುವ ಜಾತಿಯಲ್ಲ. ನನ್ನ ತುಳಸಿಯನ್ನು ನುಂಗಿತು, ತಿಮ್ಮಿಯ ಬಸಳೆ ಚಪ್ಪರ ಹತ್ತಿತು. "ಅಮ್ಮಾ, ಮೊದಲು ಮಣ್ಣು ಕಳ್ಸಿದ್ರಿ, ಈಗ ಬಳ್ಳಿ ಕಳ್ಸಿದ್ರಿ, ಮುಂದೆ ಎಂತ ಕಳ್ಸ್ತ್ರಿ ಹೇಳಿ, ಜಾಗ ಮಾಡಿಡ್ತೆ" ಎಂದಳು. ಎರಡು ತಿಂಗಳು ಕೂತು ಕಿತ್ತೆ.

ಗೆಣಸಿನ ಬಳ್ಳಿ ಮಣ್ಣು ಹಿಡಿಯುತ್ತದೆ, ಅದು ಖರೆ. ಆದರೆ ಗೆಣಸು ತಿನ್ನಬೇಕಾದರೆ ಅಗೆಯಬೇಕು, ಅಗೆದರೆ ಇಳಿಜಾರು ಸಡಿಲ. ನಾವು ಅಗೆಯದಿದ್ದರೂ ಹೆಗ್ಗಣ ಬಿಡುವುದಿಲ್ಲ. ಮುಟ್ಟಿದರೆ ಮುನಿಯೂ ಚೆನ್ನಾಗಿ ಹಿಡಿಯುತ್ತದೆ, ಆದರೆ ಬರಿಗಾಲಿನಲ್ಲಿ ಓಡಾಡುವ ಮನೆಗೆ ಅದು ತರವಲ್ಲ. ಎಲ್ಲಕ್ಕೂ ಕೆಳಗೆ, ನೀರು ಹನಿಯುವ ಕಡೆ, ಒಂದೆಲಗ ಹಚ್ಚಬಹುದು. ತಂಬುಳಿಗೂ ಆಯಿತು.

ನಾನು ಕಂಡುಕೊಂಡದ್ದು ಇಷ್ಟು. ಮೇಲಿನ ಅಂಚಿಗೆ ಒಂದು ಸಾಲು, ನಡುವೆ ಒಂದು ಸಾಲು ಲಾವಂಚ. ಅದರ ಬೇರು ಆಳಿನುದ್ದ ಇಳಿಯುತ್ತದೆ, ಬೇಲಿ ಕಟ್ಟಿದಂತೆ ನಿಲ್ಲುತ್ತದೆ. ಉಳಿದ ಜಾಗಕ್ಕೆಲ್ಲ ಗರಿಕೆ. ಗಣಪತಿಗೆ ಏರಿಸುವ ಅದೇ ಗರಿಕೆ, ನಾವು ಹುಟ್ಟಿದಾಗಿನಿಂದ ಹೆರೆದು ಬಿಸಾಕಿದ್ದು. ಗಿಣ್ಣು ಗಿಣ್ಣಿಗೆ ಬೇರು ಬಿಡುತ್ತದೆ. ಗೇಣಿಗೊಂದರಂತೆ ಅಡ್ಡಸಾಲಿನಲ್ಲಿ ಊರಿ, ಹಿಮ್ಮಡಿಯಿಂದ ತುಳಿದು, ಮೇಲೆ ದರಕು, ಅಂದರೆ ಉದುರಿದ ಒಣ ಎಲೆ, ತೆಳ್ಳಗೆ ಹರಡಬೇಕು. ಮಳೆ ಬೀಳುವ ತನಕ ಸಂಜೆ ಕೈಯಿಂದ ನೀರು ಚಿಮುಕಿಸಬೇಕು, ಕೊಡ ಬಗ್ಗಿಸಬಾರದು. ಈಗ ಶುರು ಮಾಡಿದರೆ ಜೂನಿನ ಮಿರ್ಗದ ಮಳೆಯೊಳಗೆ ಕಾಲೂರುತ್ತದೆ. ಹೋದ ಮಳೆಗಾಲದಲ್ಲಿ ನಮ್ಮ ಇಳಿಜಾರಿನಿಂದ ಒಂದು ಹಿಡಿ ಮಣ್ಣೂ ಇಳಿಯಲಿಲ್ಲ. ಗರಿಕೆ ಕೆಳಗಿನಿಂದ ಒಂದೊಂದೇ ಮೊಳ ಮೇಲೆ ಹತ್ತಿ ಬಂತು. ನಾನು ಹಚ್ಚಿದ್ದಲ್ಲ, ಎಲ್ಲಿಂದ ಬಂತೋ.

ಒಂದು ಮಾತು ಕಾವ್ಯಶ್ರೀಗೆ ಖಂಡಿತ ಹೇಳು. ಕಳೆ ಸಾಯುವ ಔಷಧಿ ಎಂದು ಬಾಟಲಿಯಲ್ಲಿ ಬರುತ್ತದೆ. ಯಾರು ಏನೇ ಹೇಳಲಿ, ಇಳಿಜಾರಿಗೆ ಅದನ್ನು ಹೊಡೆಯಕೂಡದು. ಎರಡು ಸಲ ಹೇಳು.

ಇಷ್ಟು ಬರೆದು ಎದ್ದು ಹೋಗಿ ಅಕ್ಕಿ ಆರಿಸಿ ಬಂದೆ. ಕಾಗದ ಇಲ್ಲಿಗೇ ಮುಗಿಸಬಹುದಿತ್ತು. ಹುಲ್ಲಿನ ವಿಷಯ ಹೇಳಿಯಾಯಿತು. ಮುಗಿಸಿದರೆ ಬಸವ ಜಯಂತಿಯ ದಿನ ನೀನು ಮಗಳ ಹೊಸ ಮನೆಯಲ್ಲಿ ಕೈ ಮಡಚಿ ಕುಳಿತಿರುತ್ತಿ, ನಾನು ಎದುರಿಗೆ ಹೋಳಿಗೆ ತಿನ್ನುತ್ತಿರುತ್ತೇನೆ.

ದಾಕ್ಷಾ, ಲೆಕ್ಕ ಹಾಕಿ ನೋಡು. ನೀನು ಹೆರೆದದ್ದು ದೀಪಾವಳಿಗೆ. ಮಣ್ಣು ಇಳಿದದ್ದು ಒಂಬತ್ತು ತಿಂಗಳಾದ ಮೇಲೆ. ಗರಿಕೆಯನ್ನು ಹೆರೆದರೆ ಸಾಯುತ್ತದೆಯೇ? ಅವ್ವ ಜೀವಮಾನವೆಲ್ಲ ಹೆರೆದಳು, ಒಂದು ವರ್ಷವಾದರೂ ಅದು ಮತ್ತೆ ಬಾರದೆ ಬಿಟ್ಟಿತೇ? ನಮ್ಮದೂ ಬಂತು. ಪಾತ್ರೆ ತೊಳೆದ ನೀರು ಹೋಗುವ ಕಡೆ ಸಂಕ್ರಾಂತಿಗೇ ಚಿಗುರಿತ್ತು, ಶಿವರಾತ್ರಿಯ ಹೊತ್ತಿಗೆ ಮುಕ್ಕಾಲು ಇಳಿಜಾರು ಹಸಿರಾಗಿತ್ತು.

ಆಗ ಶಿಲ್ಪಾ ಫೋನಿನಲ್ಲಿ ಒಂದು ಮನೆಯ ಅಂಗಳ ತೋರಿಸಿದಳು. ಹಾಸು ಹುಲ್ಲು, ನಡುವೆ ಬಿಳಿ ಕಲ್ಲು, ಒಂದು ಕುರ್ಚಿ. ಅವಳು ತೋರಿಸಿ ಮರೆತಳು, ನಾನು ಮರೆಯಲಿಲ್ಲ. ನನಗೆ ಆ ಕುರ್ಚಿಯಲ್ಲಿ ಕೂರಬೇಕೆನಿಸಿತು. ನರ್ಸರಿಯವನನ್ನು ಕೇಳಿದರೆ ಮೊದಲು ಹಳೆಯ ಹುಲ್ಲು ಬೇರು ಸಮೇತ ಹೋಗಬೇಕು ಎಂದ. ಮಗ ಸುಭಾಷನ ಗೊಬ್ಬರದ ಅಂಗಡಿಗೆ ಹೋಗಿ, ಹಿತ್ತಲಿಗೆ ಬೇಕೆಂದು ಹೇಳಿ ಒಂದು ಬಾಟಲಿ ತಂದೆ. ಯುಗಾದಿ ಮುಗಿದ ವಾರ, ಶಿಲ್ಪಾ ತವರಿಗೆ ಹೋಗಿದ್ದಳು. ಒಂದು ಬಿಂದಿಗೆ ನೀರಿಗೆ ಒಂದು ಮುಚ್ಚಳ ಎಂದು ಬರೆದಿತ್ತು. ನಾನು ಮೂರು ಹಾಕಿದೆ. ಸಾರಿಗೆ ಉಪ್ಪು ಸಾಲದಿದ್ದರೆ ಇನ್ನಷ್ಟು ಹಾಕುವುದಿಲ್ಲವೇ, ಹಾಗೆ. ವಾರ ಬಿಟ್ಟು ಇನ್ನೊಂದು ಸಲ ಹೊಡೆದೆ. ಗರಿಕೆ ಮೊದಲು ಹಳದಿಯಾಯಿತು, ಆಮೇಲೆ ಬೂದಿಯ ಬಣ್ಣ. ಕೈಯಲ್ಲಿ ಹಿಡಿದರೆ ಬೇರು ನೂಲಿನಂತೆ ಕಿತ್ತು ಬರುತ್ತಿತ್ತು. ಬಾಟಲಿಯನ್ನು ಇಳಿಜಾರಿನಲ್ಲೇ ಒಂದು ಗುಂಡಿ ತೋಡಿ ಹೂತೆ. ಶಿಲ್ಪಾ ಬಂದು ಕೇಳಿದಾಗ, ಈ ವರ್ಷದ ಬಿಸಿಲೇ ಹಾಗೆ ಎಂದೆ.

ನಿನ್ನ ಕುರ್ಚಿಗಿ ಹುಲ್ಲಿನ ತಲೆ ತೆಗೆದಿತ್ತು. ಬೇರು ತೆಗೆದವಳು ನಾನು.

ತಿಮ್ಮಿ ಅಂಗಳದಲ್ಲಿ ಕೇಳಿದಾಗ ನಿನ್ನ ಹೆಸರು ಬಾಯಲ್ಲಿ ತಯಾರಾಗಿ ಕೂತಿತ್ತು. ನೀನು ಹೋಗುವವಳು, ಅವಳ ಮುಖವನ್ನು ದಿನಾ ಬೆಳಿಗ್ಗೆ ನೋಡಬೇಕಾದವಳು ನಾನು, ಬಹುಶಃ ಅಷ್ಟೇ ಕಾರಣ. ನೀನು ಕೇಳಿಸಿಕೊಂಡೆ ಎಂದು ಗೊತ್ತಾದ ಮೇಲಾದರೂ ಮಾತು ತಿರುಗಿಸಬಹುದಿತ್ತು. ನಾನು ಒಳಗೆ ಹೋಗಿ ಹಾಲು ಕಾಯಿಸಿದೆ. ಆಮೇಲೆ ದಿನ ಕಳೆದಂತೆ, ತಂಗಿಗೆ ಸಿಟ್ಟು ಬಂದಿದೆ, ತಾನಾಗಿ ಇಳಿಯುತ್ತದೆ ಎಂದುಕೊಂಡೆ. ನಿನಗೆ ಬಂದದ್ದು ಸಿಟ್ಟಲ್ಲ, ನೀನು ಆ ಮಾತನ್ನು ನಂಬಿದ್ದಿ ಎಂದು ಮೊನ್ನೆ ಗುರುವಾರ ತಿಳಿಯಿತು.

ಕ್ಷಮೆ ಕೇಳಿ ಬರೆಯುವುದಿಲ್ಲ. ಅದು ನಿನ್ನ ಮೇಲೆ ಇನ್ನೊಂದು ಕೆಲಸ ಹೊರಿಸಿದಂತೆ ಆಗುತ್ತದೆ. ಈ ಕಾಗದವನ್ನು ಕಳಿಸುವ ಮೊದಲು ಶಿಲ್ಪಾಳಿಗೂ ತಿಮ್ಮಿಗೂ ಓದಿ ಹೇಳುತ್ತೇನೆ. ನಿನ್ನ ಹೆಸರು ಹೇಳಿದ ಅದೇ ಅಂಗಳದಲ್ಲಿ ನಿಂತು ಓದುತ್ತೇನೆ. ನೀನು ಕಾವ್ಯಶ್ರೀಗೂ ಶಂಕ್ರಪ್ಪನವರಿಗೂ ಪೂರ್ತಿ ಓದು, ಹುಲ್ಲಿನ ಭಾಗ ಮಾತ್ರವಲ್ಲ. ನಿನ್ನ ಅಂಗಳಕ್ಕೆ ಹಚ್ಚಿದ ಆಳನ್ನು ಬಿಡಿಸು. ಆಳಿನ ಕೈ ಹುಲ್ಲು ಹೆರೆಯುತ್ತದೆ, ಮೂಲೆ ಬಿಡುತ್ತದೆ.

ನಿನ್ನ ಅಕ್ಕ,
ಗುರುಶಾಂತವ್ವ

ತಾ.ಕ.: ಸೋಮವಾರ ಸಂಜೆ ಬರೆಯುತ್ತಿದ್ದೇನೆ. ಹೇಳಿದಂತೆ ಅಂಗಳದಲ್ಲಿ ಓದಿದೆ. ಶಿಲ್ಪಾ, "ಬಿಸಿಲು ಅಂದ್ರಿ, ನಾ ನಂಬಿದ್ನಲ್ಲಾ ಅತ್ತಿ" ಎಂದು ಒಳಗೆ ಹೋದಳು. ರಾತ್ರಿಯೊಳಗೆ ಮಾತಾಡುತ್ತಾಳೆ. ತಿಮ್ಮಿ ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದಳು. ಆಮೇಲೆ, "ನಂಗೆ ಗೊತ್ತಿತ್ತು ಅಮ್ಮಾ. ನಿಮ್ಮ ಬಾಟ್ಲಿ ನಮ್ಮನೆ ಅಟ್ಟದ ಮೇಲಿದೆ" ಎಂದಳು. ನೀನು ಹೋದ ಎರಡು ದಿನಕ್ಕೆ ಕೆಸರು ತೆಗೆಯುವಾಗ ಸಿಕ್ಕಿತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಕ್ಕ ತಂಗಿ ಮಧ್ಯ ನಾ ಎಂತಕ್ಕೆ ಬರ್ಲಿ? ನೀವೇ ಹೇಳ್ತ್ರಿ ಅಂತ ಕಾದೆ. ರಾಶಿ ತಡ ಮಾಡಿದ್ರಿ" ಎಂದಳು.

ಗರಿಕೆ ಎಲ್ಲಿಂದ ಬಂತೋ ಎಂದು ಬರೆದಿದ್ದೇನಲ್ಲ, ಅದಕ್ಕೆ ಅವಳು ನಕ್ಕಳು. "ಹುಲ್ಲಿಗೆ ಕಾಲಿದ್ಯಾ ಅಮ್ಮಾ, ಹತ್ತಿ ಬರೂಕೆ? ನಿಮ್ಮ ತಂಗಿ ಹೆರೆದು ಬೇಲಿ ಮೂಲೆಗೆ ಹಾಕಿದ್ರಲ, ಆ ರಾಶಿ ಅಲ್ಲೇ ಚಿಗುರಿತ್ತು. ನಿಮ್ಮ ಔಷಧಿ ಅಲ್ಲೀವರೆಗೆ ಮುಟ್ಟಿರ್ಲಿಲ್ಲ. ಅದನ್ನೇ ಕಿತ್ತು ಕಿತ್ತು ಮೇಲ್ ಮೇಲೆ ನೆಟ್ಟೆ. ನನ್ನ ಕೋಳಿಗೂಡು ಮತ್ತೆ ಹೂತು ಹೋಗ್ಬಾರ್ದಲ." ಕಾವ್ಯಶ್ರೀಯ ಇಳಿಜಾರಿಗೆ ಎಷ್ಟು ಬೇಕಾಗುತ್ತದೆ ಎಂದು ಕೇಳಿದರೆ, ತಾನು ಶುರು ಮಾಡಿದ್ದು ಒಂದು ಹೆಡಿಗೆಯಷ್ಟೂ ಅಲ್ಲ, ಒಂದು ಡಬ್ಬಿ ಇದ್ದರೆ ಸಾಕು ಎಂದಳು.

ಆದ್ದರಿಂದ ಡಬ್ಬಿಯನ್ನು ಸುಭಾಷನ ಕೈಯಲ್ಲಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಒಳಗೆ ಒದ್ದೆ ಅರಿವೆಯಲ್ಲಿ ಸುತ್ತಿದ ಗರಿಕೆ ಇದೆ, ನಿನ್ನದೇ. ಮುಚ್ಚಳ ಬಿಗಿಯಾಗಿದೆ, ಮುಟ್ಟಿದ ದಿನವೇ ತೆಗೆದು ನೆರಳಿಗಿಡು. ಮಂಚಿಕೇರಿಗೆ ಎರಡು ದಿನ ಮೊದಲೇ ಹೋಗೋಣ. ಬರುವಾಗ ನಿನ್ನ ಕುರ್ಚಿಗಿ ತಾ, ನನ್ನದರ ಹಿಡಿ ಸಡಿಲಾಗಿದೆ.